ಹುಣಸೆಹಣ್ಣಲ್ಲಿ ಬೆಳಗಿದ ಮುಚ್ಚಳ

ಯಲಹಂಕ ದಾಟಿ, ದೊಡ್ಡಬಳ್ಳಾಪುರದ ರಸ್ತೆಯಲ್ಲಿ ಸ್ವಲ್ಪ ದೂರ ಹೋಗಿ ಎಡಕ್ಕೆ ತಿರುಗಿದರೆ ಸಿಗುವ ಆ ಪ್ಲಾಂಟಿನ ಒಳಗೇಟಿಗೆ ಒಂದು ಹಳದಿ ಬೋರ್ಡು ತೂಗುಹಾಕಿದ್ದಾರೆ. ‘ಇಲ್ಲಿಂದ ಒಳಗೆ ಹತ್ತಿ ಬಟ್ಟೆ ಮಾತ್ರ. ನೈಲಾನು, ಪಾಲಿಯೆಸ್ಟರು, ಮೊಬೈಲು, ಬೆಂಕಿಪೊಟ್ಟಣಕ್ಕೆ ಪ್ರವೇಶವಿಲ್ಲ. ಯಾರಿಗೂ ವಿನಾಯಿತಿ ಇಲ್ಲ.’ ಒಕ್ಕಣೆ ಸುರಕ್ಷತಾ ಅಧಿಕಾರಿ ರಘುನಾಥರದ್ದು, ಕೆಳಗಿನ ಸಹಿಯೂ ಅವರದ್ದೇ. ಅದೇ ಬೋರ್ಡಿನ ಅಡಿಯಲ್ಲಿ, ಹಾಡಹಗಲಲ್ಲಿ, ಅವರ ಶರ್ಟನ್ನು ಬಿಚ್ಚಿಸಲಾಯಿತು.

ಒಳಹೋಗುವವರು ಗೇಟಿನ ಪಕ್ಕದ ತಾಮ್ರದ ಪಟ್ಟಿಯನ್ನು ಮುಟ್ಟಿ, ಮೈಮೇಲೆ ಸೇರಿಕೊಂಡ ಕರೆಂಟನ್ನು ನೆಲಕ್ಕಿಳಿಸಿ ಹೋಗಬೇಕೆಂಬುದು ನಿಯಮ. ರಘುನಾಥರು ಗುಡಿಯ ಗಂಟೆ ಮುಟ್ಟುವ ಗಾಂಭೀರ್ಯದಿಂದ ಕೈ ಚಾಚಿದರು. ಚಟ್ ಅಂತ ಕಿಡಿ ಹಾರಿತು. ಐವತ್ತು ದಾಟಿದ ಆ ಅಧಿಕಾರಿ ‘ಅಮ್ಮಾ’ ಎಂದು ಒಂದು ಹೆಜ್ಜೆ ಹಿಂದಕ್ಕೆ ನೆಗೆದರು. ಕಾವಲಿನ ಯಲ್ಲಮ್ಮ ಕುರ್ಚಿಯಿಂದ ಎದ್ದು ಬಂದಳು.

“ಒಸಿ ನಿಂತ್ಕಳಿ ಸಾರ್.” ತೋಳಿನ ಬಟ್ಟೆಯನ್ನು ಎರಡು ಬೆರಳಲ್ಲಿ ಹಿಡಿದು, ಸೀರೆ ಅಂಗಡಿಯಲ್ಲಿ ಸೆರಗು ಉಜ್ಜಿ ನೋಡುವಂತೆ ಉಜ್ಜಿದಳು. “ಇದು ಕಾಟನ್ ಅಲ್ಲ. ನಿಮ್ಗೆ ಯಾರೋ ಸರ್ಯಾಗಿ ಟೋಪಿ ಆಕವ್ರೆ.”

“ನನ್ನ ಹೆಂಡತಿ ತಂದಿದ್ದು ಕಣಮ್ಮ. ಹಬ್ಬಕ್ಕೆ.”

“ಅಂಗಾರೆ ಅಮ್ಮಾವ್ರಿಗೆ ಆಕವ್ರೆ. ಬಿಚ್ಚಿ ಸಾರ್.”

“ಇವತ್ತೊಂದು ದಿನ…”

“ಯಾರೇ ಆಗ್ಲಿ, ಕೈ ಮುಗುದ್ರೂ ಬಿಡಬ್ಯಾಡ ಅಂತ ಟ್ರೈನಿಂಗಲ್ಲಿ ನೀವೇ ಯೋಳಿದ್ದು.”

ಹೀಗಾಗಿ ರಘುನಾಥರು, ತೆಳ್ಳಗಿನ ಹುಡುಗ ಗಯಾಸನ ಒಂದು ಹತ್ತಿ ಅಂಗಿಯನ್ನು ಎರವಲು ಪಡೆದು, ಹೊಟ್ಟೆಯ ಮೇಲೆ ಕೂಡಿಕೊಳ್ಳಲೊಪ್ಪದ ಎರಡು ಗುಂಡಿಗಳ ಮುಂದೆ ಫೈಲು ಹಿಡಿದು, ಆ ದಿನದ ವಿಚಾರಣೆಗೆ ಕುಳಿತರು.

ವಿಚಾರಣೆ ಯಾಕೆಂದರೆ, ಹಿಂದಿನ ದಿನ ಆ ಅಂಗಳದಲ್ಲಿ ಆಗಬಾರದ್ದು ಆಗುವುದರಲ್ಲಿತ್ತು. ಪ್ಲಾಂಟಿನ ಕೆಲಸ ರಾಕೆಟ್ಟಿನ ವಾಲ್ವುಗಳನ್ನು ಪರೀಕ್ಷಿಸಿ ಕೊಡುವುದು. ಅದಕ್ಕೆ ದ್ರವರೂಪದ ಹೈಡ್ರೋಜನ್ ಬೇಕು. ಅದು ಟ್ಯಾಂಕರಿನಲ್ಲಿ ಬರುತ್ತದೆ, ಅದನ್ನು ಒಂದು ದಪ್ಪ ಪೈಪಿನ ಮೂಲಕ ಅಂಗಳದ ದೊಡ್ಡ ತೊಟ್ಟಿಗೆ ಇಳಿಸಿಕೊಳ್ಳಬೇಕು. ಹೇಳುವುದಕ್ಕೆ ಕ್ಯಾನಿನಿಂದ ಪಾತ್ರೆಗೆ ಹಾಲು ಬಗ್ಗಿಸಿದಷ್ಟೇ ಕೆಲಸ. ಆದರೆ ಈ ಹಾಲಿನ ಚಳಿಗೆ ಗಾಳಿಯೇ ಹೆಪ್ಪುಗಟ್ಟಿ ಕಲ್ಲಾಗುತ್ತದೆ. ಹೊತ್ತಿಕೊಂಡರೆ ಬಿಸಿಲಲ್ಲಿ ಇದರ ಜ್ವಾಲೆ ಕಣ್ಣಿಗೆ ಕಾಣುವುದಿಲ್ಲ. ಬೆಂಕಿ ಇದೆಯೆಂದು ತಿಳಿಯುವುದು ಅದರೊಳಗೆ ಕಾಲಿಟ್ಟ ಮೇಲೆಯೇ. ಅದಕ್ಕೇ ಮೊದಲು ಹೀಲಿಯಂ ಊದಿ ಪೈಪಿನೊಳಗಿನ ಗಾಳಿಯನ್ನೆಲ್ಲ ಹೊರಗಟ್ಟುತ್ತಾರೆ. ಪೈಪಿನ ಸುಕ್ಕುಗಳ ಸಂದಿಯಲ್ಲಿ ನಾಲ್ಕು ಹನಿ ನೀರು ಉಳಿದರೂ ಅದು ಮಂಜುಗಡ್ಡೆಯಾಗಿ ದಾರಿ ಕಟ್ಟುತ್ತದೆ. ದಾರಿ ಕಟ್ಟಿದರೆ ಒತ್ತಡ ಏರುತ್ತದೆ. ಒತ್ತಡ ಏರಿದ ಮೇಲೆ ಏನಾಯಿತೆಂದು ಹೇಳಲು ಅಲ್ಲಿದ್ದವರು ಇರುವುದಿಲ್ಲ.

ಹಿಂದಿನ ದಿನ ದಾರಿ ಕಟ್ಟಿತ್ತು. ಇಳಿಸುವ ಕೆಲಸದಲ್ಲಿದ್ದ ಆಪರೇಟರ್ ಭೀಮರಾಜ ಕೆಂಪು ಗುಂಡಿ ಒತ್ತಿ ಎಲ್ಲವನ್ನೂ ನಿಲ್ಲಿಸಿದ. ಪೈಪಿನಲ್ಲಿದ್ದದ್ದು ಎತ್ತರದ ಚಿಮಣಿಯಿಂದ ಆಕಾಶಕ್ಕೆ ಹೋಯಿತು. ಎಲ್ಲರೂ ಬೇವಿನ ಮರದಡಿ ಸೇರಿದರು, ಒಂದು ಕೂದಲೂ ಸುಡಲಿಲ್ಲ. ಆದರೆ ಟ್ಯಾಂಕರು ಬಂದ ಹಾಗೇ ವಾಪಸ್ಸಾಯಿತು. ಪರೀಕ್ಷೆ ನೋಡಲು ಬಂದಿದ್ದ ಗಿರಾಕಿಗಳು ಊಟ ಮಾಡದೆ ಹೊರಟುಹೋದರು. ಮಾಲೀಕ ಅನಂತರಾಜು ಅವರ ಕುತ್ತಿಗೆಯ ನರ ಎದ್ದು ನಿಂತಿತು.

“ರಘುನಾಥ್, ನನಗೆ ಕಾರಣ ಬೇಡ, ಹೆಸರು ಬೇಕು. ನಾಳೆ ಸಂಜೆಯೊಳಗೆ. ಯಾರ ತಪ್ಪೋ ಅವನ ಆಪರೇಟರ್ ಕಾರ್ಡು ನನ್ನ ಟೇಬಲ್ ಮೇಲಿರ್ಬೇಕು, ಅವನು ಗೇಟಿನ ಆಚೆ ಇರ್ಬೇಕು.”

ಹೀಗಾಗಿ ಈಗ ಭೀಮರಾಜ ಎದುರಿಗೆ ಕುಳಿತಿದ್ದ. ನಲವತ್ತೈದರ ಆಸುಪಾಸು, ಜಕ್ಕೂರಿನ ಹಳೇ ಊರಿನವನು, ಬಾಚಿದ ಕ್ರಾಪು. ರಘುನಾಥರು ಪ್ರಶ್ನೆಗಳನ್ನು ಬಲೆಯಂತೆ ಹೆಣೆದುಕೊಂಡು ಬಂದಿದ್ದರು.

“ಗಾಬರಿ ಬೇಡ ಭೀಮರಾಜ್. ನಿನ್ನೆ ಏನಾಯ್ತು, ಮೊದಲಿಂದ…”

“ತಪ್ಪು ನಂದೇ ಸಾರ್.”

ಬಲೆ ಕೈಯಲ್ಲೇ ಉಳಿಯಿತು.

“ಆಯುಧಪೂಜೆ ಹಿಂದಿನ ದಿನ ಅಂಗಳ ತೊಳೀತಿದ್ವಲ್ಲ ಸಾರ್. ಪೈಪಿನ ಬಾಯಿಗೆ ಹಿತ್ತಾಳೆ ಮುಚ್ಚಳ ಇದೆ, ಕಪ್ಪು ಹಿಡ್ದಿತ್ತು. ಬಿಚ್ಕೊಂಡು ಹುಣಸೆಹಣ್ಣಲ್ಲಿ ತಿಕ್ಕಿ ಬಿಸಿಲಿಗೆ ಇಟ್ಟೆ. ಅಷ್ಟೊತ್ತೂ ಪೈಪು ಬಾಯಿ ತೆರ್ಕೊಂಡೇ ಇತ್ತು. ಪಕ್ಕದಲ್ಲೇ ಗಯಾಸ್ ನೆಲಕ್ಕೆ ನೀರು ಹೊಡೀತಿದ್ದ. ಆಮೇಲೆ ಮುಚ್ಚಳಕ್ಕೆ ಅರಿಶಿನ ಕುಂಕುಮ ಇಟ್ಟು ತಿರುಗಿಸ್ದೆ. ಒಳಗೆ ನೀರು ಹೋಗಿರ್ಬೋದು ಅಂತ ಹೊಳೀಲೇ ಇಲ್ಲ. ನಿನ್ನೆ ಪೈಪಿನೊಳಗೆ ತೇವ ಇದೆಯಾ ಅಂತ ಮೀಟರ್ ಹಾಕಿ ನೋಡ್ಬೇಕಿತ್ತು, ನೋಡ್ಲಿಲ್ಲ. ಮುಚ್ಚಳ ಫಳಫಳ ಅಂತಿತ್ತು. ಅದನ್ನ ನೋಡಿದ್ದಕ್ಕೇ ಸಮಾಧಾನ ಆಗೋಯ್ತು.”

“ಹಿಂಗೆ ಹೇಳು ಅಂತ ಯಾರಾದ್ರೂ ಹೇಳ್ಕೊಟ್ರಾ?”

“ಇಲ್ಲ ಸಾರ್.”

“ಬಿಚ್ಚಿದ್ದು ನೀವೊಬ್ರೇನಾ?”

“ನಾನೊಬ್ನೇ ಸಾರ್.”

ರಘುನಾಥರಿಗೆ ಅನುಮಾನ ಶುರುವಾದದ್ದು ಅಲ್ಲಿಂದ. ಅವರ ಇಡೀ ಸರ್ವೀಸಿನಲ್ಲಿ ತಪ್ಪು ಮಾಡಿದವನು ಅಂತ ಒಬ್ಬನೂ ಸಿಕ್ಕಿರಲಿಲ್ಲ. ತಪ್ಪು ಇಲಿಯದ್ದಾಗಿರುತ್ತಿತ್ತು, ಕರೆಂಟಿನದ್ದಾಗಿರುತ್ತಿತ್ತು, ಹಿಂದಿನ ಶಿಫ್ಟಿನದ್ದಾಗಿರುತ್ತಿತ್ತು. ಹೆಚ್ಚಾಗಿ, ಹೋದ ತಿಂಗಳು ಕೆಲಸ ಬಿಟ್ಟುಹೋದವನದ್ದಾಗಿರುತ್ತಿತ್ತು. ಸ್ವತಃ ರಘುನಾಥರೂ ಮನೆಯಲ್ಲಿ ಹಾಲು ಉಕ್ಕಿಸಿದರೆ ತಪ್ಪನ್ನು ಒಲೆಯ ಬರ್ನರಿನ ಮೇಲೆ ಹಾಕುವವರೇ. ಹೀಗಿರುವಾಗ ಕೇಳುವ ಮೊದಲೇ ನಂದೇ ಅನ್ನುವವನನ್ನು ಯಾರು ನಂಬುತ್ತಾರೆ? ಕಳ್ಳ ಓಡಿದರೆ ಹಿಡಿಯಬಹುದು. ಕೈ ಚಾಚಿಕೊಂಡು ಎದುರಿಗೆ ಬಂದರೆ ಬೆನ್ನ ಹಿಂದೆ ಇನ್ನೊಬ್ಬನಿದ್ದಾನೆ ಅಂತಲೇ ಅರ್ಥ. ಯಾರನ್ನೋ ಉಳಿಸುತ್ತಿದ್ದಾನೆ. ಅಥವಾ ಬೇರೆ ಕಡೆ ಕೆಲಸ ಸಿಕ್ಕಿದೆ. ಅಥವಾ ಎರಡೂ.

ಭೀಮರಾಜನನ್ನು ಸಂಜೆವರೆಗೆ ಸ್ಟೋರಿನಲ್ಲಿ ಕೂರಲು ಹೇಳಿ, ಅವರು ಕ್ಯಾಂಟೀನಿಗೆ ಹೋಗಿ ಗಯಾಸನನ್ನು ಮೂಲೆಗೆ ಕರೆದರು. ಗಯಾಸ್ ಭೀಮರಾಜನ ಸಹಾಯಕ. ಮುಂದಿನ ತಿಂಗಳು ಮದುವೆ. ಉಳಿಸಲು ಯೋಗ್ಯನಾದ ವ್ಯಕ್ತಿ.

“ಏನಪ್ಪ ಗಯಾಸ್, ಭೀಮರಾಜ್ ನಿನಗೋಸ್ಕರ ತಲೆ ಕೊಡ್ತಿದಾರಂತೆ?”

“ನಂಗೋಸ್ಕರಾನಾ?” ಗಯಾಸ್‌ಗೆ ಟೀ ನೆತ್ತಿಗೇರಿತು. “ಸಾರ್, ಆ ಅಣ್ಣಂಗೆ ಅಷ್ಟೆಲ್ಲ ಬರಲ್ಲ ಸಾರ್. ಹೋದ್ವರ್ಷ ನನ್ನ ಬೈಕ್ ತಗೊಂಡೋಗಿ ಇಂಡಿಕೇಟರ್ ಮುರ್ಕೊಂಡ್ ಬಂದ್ರು. ನಾನು ನೋಡೇ ಇರ್ಲಿಲ್ಲ! ಅವ್ರೇ ಬಂದು ಹೇಳಿ, ಹೊಸ್ದು ಹಾಕ್ಸಿ, ಆಮೇಲೆ ಏನಂದ್ರು ಗೊತ್ತಾ? ‘ನಿನ್ ಬ್ರೇಕೂ ಸರಿ ಇಲ್ಲ ಕಣೋ, ಆದ್ರೆ ಅದಕ್ಕೂ ಇದಕ್ಕೂ ಸಂಬಂಧ ಇಲ್ಲ’ ಅಂದ್ರು. ಬ್ರೇಕ್ ಮೇಲೆ ಹಾಕಿದ್ರೆ ನಾನೂ ನಂಬ್ತಿದ್ದೆ. ಇಂಥವ್ರ ಜೊತೆ ಹೆಂಗ್ ಸಾರ್ ಕೆಲ್ಸ ಮಾಡೋದು?”

“ನೀರು ಬಿಟ್ಟಿದ್ದು ನೀನಲ್ವಾ?”

“ನಾನೇ. ಪೈಪ್ ಬಾಯಿ ತೆರ್ದಿದೆ ಅಂತ ನೋಡ್ಕೊಂಡಿಲ್ಲ. ಅದನ್ನೂ ಅವ್ರು ‘ಮುಚ್ಚಳ ಬಿಚ್ಚಿದೀನಿ ಅಂತ ನಿಂಗೆ ಹೇಳ್ದೇ ಇದ್ದಿದ್ದು ನಂದೇ ತಪ್ಪು’ ಅಂತ ತಗೊಂಡೋದ್ರು. ಒಂದೂ ನಂಗೆ ಬಿಡ್ಲಿಲ್ಲ ಸಾರ್.” ಗಯಾಸ್ ತುಸು ಹೊತ್ತು ಅವರ ಹೊಟ್ಟೆಯನ್ನೇ ನೋಡಿದ. “ಸಾರ್, ಆ ಅಂಗಿ ನಂದಲ್ವಾ? ಬಗಲಲ್ಲಿ ಹೊಲಿಗೆ ಬಿಟ್ಕೊಂಡಂಗಿದೆ.”

ಚೆನ್ನಾಗಿ ಪಾಠ ಹೇಳಿಕೊಟ್ಟಿದ್ದಾರೆ ಅಂದುಕೊಂಡು ರಘುನಾಥರು ಬಗಲು ಒತ್ತಿ ಹಿಡಿದುಕೊಂಡೇ ಎದ್ದರು.

ಊಟದ ಹೊತ್ತಿಗೆ ತಮ್ಮ ಶರ್ಟನ್ನು ವಾಪಸು ಹಾಕಿಕೊಂಡು, ಕ್ಯಾಂಟೀನಿನಲ್ಲಿ ಹಂಚಿ ಉಳಿದ ಪೂಜೆಯ ಕಡಲೆಪುರಿಯ ಪೊಟ್ಟಣವೊಂದನ್ನು ನೆಪಕ್ಕೆ ಹಿಡಿದು, ಸ್ಕೂಟರಿನಲ್ಲಿ ಜಕ್ಕೂರಿಗೆ ಹೋದರು. ಮನುಷ್ಯನ ಗುಟ್ಟು ಮನೆಯಲ್ಲಿರುತ್ತದೆ ಎಂಬುದು ಅವರ ನಂಬಿಕೆ. ಭೀಮರಾಜನ ಮನೆ ಹಳೇ ಊರಿನ ಓಣಿಯಲ್ಲಿ, ಸುತ್ತ ಎದ್ದ ಅಪಾರ್ಟ್‌ಮೆಂಟುಗಳ ನಡುವೆ ಬಾವಿಯ ತಳದಂತೆ ಇತ್ತು. ಬಿಸಿಲು ಬರುವುದು ಒಂದಿಷ್ಟು ಹೊತ್ತು. ಓಣಿಯ ಅಷ್ಟೂ ಮನೆಗಳವರು ಆ ಹೊತ್ತಿನಲ್ಲೇ ಬಟ್ಟೆ ಒಣಗಿಸಿಕೊಳ್ಳಬೇಕು. ಜಗಲಿಯ ಮೇಲೆ ಅವನ ಅಪ್ಪ ಮುನಿವೆಂಕಟಯ್ಯ ಕಾಲು ಚಾಚಿ ಕುಳಿತಿದ್ದರು.

“ಯಾರಪ್ಪ? ಬ್ರೋಕರಾ?”

“ಅಲ್ಲ ಯಜಮಾನ್ರೇ. ಭೀಮರಾಜ್ ಕೆಲಸ ಮಾಡ್ತಾರಲ್ಲ, ಆ ಪ್ಲಾಂಟಿಂದ ಬಂದಿದೀನಿ.”

“ಬ್ರೋಕರುಗಳೆಲ್ಲ ಇಂಗೇ ಅನ್ನಾದು. ಓದ್ ಸಲ ಬಂದೋನು ಸೊಳ್ಳೆ ಔಸ್ದಿ ಒಡ್ಯಾಕ್ ಬಂದಿವ್ನಿ ಅಂದ. ಜಾಗ ಕೊಡಾಕಿಲ್ಲ, ಓಗು.”

“ಪ್ರಸಾದ ತಂದಿದೀನಿ.”

“ಅವ್ನೂ ತಂದಿದ್ದ.”

ಒಳಗಿನ ಹೊಲಿಗೆ ಯಂತ್ರದ ಸದ್ದು ನಿಂತು, ಭೀಮರಾಜನ ಹೆಂಡತಿ ಧನಲಕ್ಷ್ಮಿ ಹೊರಬಂದು ಮಾವನನ್ನು ಗದರಿ ಇವರನ್ನು ಒಳಗೆ ಕರೆದಳು. ರಘುನಾಥರು ಕೂರುವ ಮೊದಲೇ ಕಣ್ಣು ಓಡಿಸಿದರು. ಮೂಲೆಯಲ್ಲಿ, ಚೆಂಡುಹೂವಿನ ಹಾರ ಹಾಕಿಸಿಕೊಂಡು, ಕನ್ನಡಿಯಂತೆ ಹೊಳೆಯುವ ಫ್ರಿಜ್ಜು! ಸಿಕ್ಕಿತು ಅಂದುಕೊಂಡರು.

“ಫ್ರಿಜ್ ಹೊಸದಾಗಿ ಬಂದಿರೋ ಹಾಗಿದೆ?”

“ಎಲ್ಲಿ ಹೊಸದು ಸಾರ್. ನಮ್ಮಣ್ಣನ ಮನೆಯಲ್ಲಿ ಹಳೇದಾಗಿ ಕೊಟ್ಟಿದ್ದು. ಇವರು ಬೆಳಗಿ ಬೆಳಗಿ ಹಂಗೆ ಮಾಡಿದಾರೆ. ಹಬ್ಬ ಅಂದ್ರೆ ಇವರ ಕೈಗೆ ಏನೂ ಸಿಗಬಾರದು. ಹೋದ ವರ್ಷ ನಲ್ಲಿ ಬಿಚ್ಕೊಂಡು ಹುಣಸೆಹಣ್ಣು ಹಾಕ್ತಾ ಕೂತ್ರು, ಮೇಲಿನ ಟ್ಯಾಂಕಿನ ವಾಲ್ವ್ ಮುಚ್ಚೋದು ಮರ್ತೋಗಿ ಅಡುಗೆಮನೆಯೆಲ್ಲ ಕೆರೆ.”

ರಘುನಾಥರಿಗೆ ಕಾಫಿ ಸ್ವಲ್ಪ ಕಹಿಯಾಯಿತು. ಆದರೂ ಬಿಡಲಿಲ್ಲ. ಭೀಮರಾಜ್ ಮನೆಯಲ್ಲಿ ಹೇಗೆ, ಮುಂಚಿನಿಂದ ಹೇಗೆ ಅಂತ ಬೇರು ಹಿಡಿದು ಕೆದಕಿದರು.

ಧನಲಕ್ಷ್ಮಿ ಹೇಳಿದ್ದು ಇಷ್ಟು. ಹೆಣ್ಣು ನೋಡಲು ಬಂದ ದಿನ, ಉಪ್ಪಿಟ್ಟಿನ ತಟ್ಟೆ ಕೈಯಲ್ಲಿರುವಾಗಲೇ, ಡಿಪ್ಲೊಮಾದಲ್ಲಿ ಎರಡು ಸಲ ಫೇಲಾಗಿದ್ದೇನೆ ಅಂತ ಭೀಮರಾಜ ತಾನಾಗಿ ಹೇಳಿದನಂತೆ. ಅವಳ ಅಪ್ಪನಿಗೆ ದಿಗಿಲಾಯಿತು: ಇಷ್ಟು ಹೇಳುವವನು ಇನ್ನೆಷ್ಟು ಮುಚ್ಚಿಟ್ಟಿರಬೇಕು! ಮದುವೆ ತಡೆಹಿಡಿದು ಜಕ್ಕೂರಿನ ಅಂಗಡಿ ಅಂಗಡಿಯಲ್ಲಿ ವಿಚಾರಿಸಿದರು. ಏನೂ ಸಿಗಲಿಲ್ಲ. “ನಮ್ಮಪ್ಪಂಗೆ ಇವತ್ತಿಗೂ ಅನುಮಾನ ಸಾರ್. ಹುಷಾರಾಗಿರು, ಯಾವತ್ತಾದ್ರೂ ಒಂದಿನ ಹೊರಗೆ ಬರುತ್ತೆ ಅಂತಾರೆ.”

ಮದುವೆಗೆ ಮುಂಚೆ ಅವನು ಪಕ್ಕದ ವಿಮಾನದ ಮೈದಾನದಲ್ಲಿ ಪುಟ್ಟ ವಿಮಾನಗಳಿಗೆ ಪೆಟ್ರೋಲು ತುಂಬುವ ಕೆಲಸದಲ್ಲಿದ್ದನಂತೆ. ಒಂದು ದಿನ ವಿಮಾನ ಇನ್ನೇನು ಓಡಬೇಕು, ಟ್ಯಾಂಕಿನ ಮುಚ್ಚಳ ಬಿಗಿ ಮಾಡಿದೆನೋ ಇಲ್ಲವೋ ಅಂತ ಕೈ ಬೀಸುತ್ತಾ ಹಿಂದೆ ಓಡಿ ನಿಲ್ಲಿಸಿದ. ಮುಚ್ಚಳ ಬಿಗಿಯಾಗಿಯೇ ಇತ್ತು. ವಿಮಾನ ಹಾರಿಸಲು ಕಲಿಸುವ ಕ್ಯಾಪ್ಟನ್ನು ವಾಚಾಮಗೋಚರ ಬೈದರು. ಆಮೇಲೂ ಇನ್ನೊಮ್ಮೆ ಹಾಗೇ ನಿಲ್ಲಿಸಿದ. ಮತ್ತೆ ಬೈಸಿಕೊಂಡ.

“ಬೆಳಿಗ್ಗೆ ಬೀರುಗೆ ಬೀಗ ಹಾಕಿ ಬಸ್‌ಸ್ಟಾಪ್‌ವರೆಗೂ ಹೋಗಿ ವಾಪಸ್ ಬಂದು ಎಳೆದು ನೋಡ್ತಾರೆ. ಮೊದಮೊದಲು ನನ್ನ ಮೇಲೆ ಅನುಮಾನ ಇರ್ಬೇಕು ಅಂದ್ಕೊಂಡು ಅತ್ತಿದ್ದೆ. ಆಮೇಲೆ ಗೊತ್ತಾಯ್ತು, ಅವರಿಗೆ ಅನುಮಾನ ಅವರ ಮೇಲೇ.” ಅವಳು ಲೋಟ ತೆಗೆದುಕೊಳ್ಳುತ್ತ ದನಿ ಇಳಿಸಿದಳು. “ನಿನ್ನೆ ಇವರು ಮನೆಗೆ ಬಂದವ್ರು ಊಟಾನೂ ಮಾಡ್ಲಿಲ್ಲ ಸಾರ್. ಕೆಲಸ ಹೋಗುತ್ತಾ?”

ಅಷ್ಟರಲ್ಲಿ ಜಗಲಿಯಿಂದಲೇ ಮುನಿವೆಂಕಟಯ್ಯ ಕೂಗಿ ಹೇಳಿದರು: “ಯಾರ್ ಮ್ಯಾಲಾರಾ ಆಕ್ಬುಡ್ಲಾ ಅಂದೆ. ಅವ್ನಿಗೆ ಬರಾಕಿಲ್ಲ. ನಾನು ಕಲುಸ್ಲಿಲ್ಲ, ಅದು ನನ್ ತಪ್ಪು ಅಂತ ಬರ್ಕೊ ಓಗು.”

ದಾರಿಯುದ್ದಕ್ಕೂ ರಘುನಾಥರಿಗೆ ಬೇಸರ. ಗುಟ್ಟು ಹುಡುಕಿ ಹೋದ ಮನುಷ್ಯನಿಗೆ ಗುಟ್ಟಿಲ್ಲದ ಮನೆ ಸಿಕ್ಕರೆ ಆಗುವಂಥ ಬೇಸರ. ಪ್ಲಾಂಟಿಗೆ ಬಂದವರೇ ಗಯಾಸನನ್ನು ಒಳಗೇಟಿನ ಹೊರಗೇ ಮತ್ತೆ ಹಿಡಿದು, ಬೆಳಿಗ್ಗೆಯೇ ಕೇಳಬೇಕಾಗಿದ್ದ ಪ್ರಶ್ನೆಯನ್ನು ಈಗ ಕೇಳಿದರು: ಗುಂಡಿ ಒತ್ತುವ ಮುಂಚೆ ಸರಿಯಾಗಿ ಏನು ನಡೆಯಿತು?

“ಒತ್ತಡದ ಮುಳ್ಳು ಅಲ್ಲಾಡ್ತು ಸಾರ್. ‘ಅಣ್ಣ, ಮೀಟರ್ ಕೆಟ್ಟಿದೆ, ಹೋದ ತಿಂಗಳೂ ಹಿಂಗೇ ಆಗಿತ್ತಲ್ಲ, ಒಂಚೂರು ನೋಡಣ’ ಅಂತ ನಾನಂದೆ. ಟ್ಯಾಂಕರ್ ಡ್ರೈವರೂ ಮೀಟರೇ ಇರ್ಬೇಕು ಅಂದ. ಅಣ್ಣ ಒಂದ್ಸಲ ಆ ಮುಚ್ಚಳದ ಕಡೆ ನೋಡಿದ್ರು. ‘ಮೀಟರ್ ಅಲ್ಲ ಕಣೋ, ನಾನು’ ಅಂದು ಒತ್ತೇಬಿಟ್ರು.”

ರಘುನಾಥರು ಆ ಜಾಗದಲ್ಲಿ ತಮ್ಮನ್ನು ನಿಲ್ಲಿಸಿ ನೋಡಿಕೊಂಡರು. ತಾವಾಗಿದ್ದರೆ ಮೊದಲು ಮೀಟರಿನ ಮೇಲೆ ಅನುಮಾನ ಪಡುತ್ತಿದ್ದರು. ಆಮೇಲೆ ಡ್ರೈವರಿನ ಮೇಲೆ, ಗಯಾಸನ ಮೇಲೆ, ಹೀಲಿಯಂ ಕಳಿಸಿದವರ ಮೇಲೆ. ಸರದಿ ತಮ್ಮ ಹತ್ತಿರ ಬರುವ ಹೊತ್ತಿಗೆ ಅನುಮಾನ ಪಡಲು ತಲೆಯೂ ಇರುತ್ತಿರಲಿಲ್ಲ, ಅದರ ಮೇಲಿನ ಬೋಳೂ ಇರುತ್ತಿರಲಿಲ್ಲ. ಅವರು ಬೆವರು ಒರೆಸಿಕೊಂಡರು. ಪಾಲಿಯೆಸ್ಟರು ಬೆವರನ್ನು ಹೀರುವುದೂ ಇಲ್ಲ.

ಸಂಜೆ ಅನಂತರಾಜು ಅವರ ಕೋಣೆಯಲ್ಲಿ ಮೇಜಿನ ಮೇಲೆ ಭೀಮರಾಜನ ಕಾರ್ಡು ಆಗಲೇ ಬಂದು ಕುಳಿತಿತ್ತು. ಯಾರೂ ಕೇಳುವ ಮೊದಲೇ ಅವನೇ ಇಟ್ಟುಹೋಗಿದ್ದ.

“ಮುಗೀತಲ್ಲ,” ಎಂದರು ಅನಂತರಾಜು. “ಒಪ್ಕೊಂಡಿದಾನೆ.”

“ಸಾರ್, ಕಾರ್ಡು ವಾಪಸ್ ಕೊಡಿ ಅಂತ ಕೇಳೋಕೆ ಬಂದೆ.”

ಅನಂತರಾಜು ಕನ್ನಡಕ ತೆಗೆದರು. “ಅವನ ಮನೆಗೆ ಹೋಗಿದ್ರಂತೆ. ಏನ್ ಕೊಟ್ರು?”

“ಕಾಫಿ.”

“ಬರೀ ಕಾಫಿ?”

ಇಡೀ ದಿನ ತಾವು ಬೇರೆಯವರ ಮೇಲೆ ಬೀರಿದ ದೃಷ್ಟಿ ಎದುರಿನಿಂದ ಬಂದಾಗ ಹೇಗಿರುತ್ತದೆಂದು ರಘುನಾಥರಿಗೆ ತಿಳಿಯಿತು. ಆದರೂ ಸಾವರಿಸಿಕೊಂಡು ಕೇಳಿದರು, “ಸಾರ್, ನಿನ್ನೆ ಆ ಮುಳ್ಳು ಅಲ್ಲಾಡಿದಾಗ ನೀವೆಲ್ಲಿದ್ರಿ?”

“ನಾನಾ? ಬೇಲಿ ಪಕ್ಕ. ಗೆಸ್ಟ್ ಜೊತೆ ಫೋಟೋಗೆ ನಿಂತಿದ್ದೆ.”

“ಅಲ್ಲಿ ಬೇರೆ ಯಾರೇ ಆಪರೇಟರ್ ಇದ್ದಿದ್ರೂ ಒಂದೆರಡು ನಿಮಿಷ ಮೀಟರ್ ತಟ್ಟಿ ನೋಡಿರೋರು. ಇವರು ಒಂದು ಕ್ಷಣಾನೂ ಕಾಯ್ಲಿಲ್ಲ. ಯಾಕಂದ್ರೆ ತಪ್ಪು ತನ್ನದೇ ಇರ್ಬೇಕು ಅಂತ ಅವರಿಗೆ ಮೊದಲೇ ಅನುಮಾನ. ಇವತ್ತು ಇವರ ಕಾರ್ಡ್ ಕಿತ್ಕೊಂಡ್ರೆ ನಾಳೆ ಎಲ್ಲ ಆಪರೇಟರೂ ಮೀಟರ್ ತಟ್ಟೋದನ್ನ ಕಲೀತಾರೆ. ಆವಾಗ ಬೇಲಿ ಪಕ್ಕ ಫೋಟೋಗೆ ಯಾರು ನಿಂತಿರ್ತಾರೋ.”

ಅನಂತರಾಜು ತಮ್ಮ ಕುತ್ತಿಗೆಯನ್ನು ನಿಧಾನವಾಗಿ ಸವರಿಕೊಂಡರು. ಅದು ಇನ್ನೂ ಅಲ್ಲೇ ಇರುವುದು ಆಗ ತಾನೇ ಅವರ ಗಮನಕ್ಕೆ ಬಂದಂತಿತ್ತು. ಭೀಮರಾಜನನ್ನು ಕರೆಸಿದರು. ಅವನು ಬಂದು ಬಾಗಿಲ ಬಳಿ ನಿಂತ.

“ಮತ್ತೆ ಹಿಂಗೆ ಮಾಡ್ತೀಯೇನಯ್ಯಾ?”

“ಮುಚ್ಚಳ ಬಿಚ್ಚಲ್ಲ ಸಾರ್. ಬೇರೆ ಏನಾದ್ರೂ ಮಾಡ್ತೀನೋ ಏನೋ, ಈಗ್ಲೇ ಹೆಂಗ್ ಹೇಳ್ಲಿ.”

ರಘುನಾಥರು ಕಣ್ಣು ಮುಚ್ಚಿಕೊಂಡರು. ಅನಂತರಾಜು ಕಾರ್ಡನ್ನು ಮೇಜಿನ ಅಂಚಿಗೆ ತಳ್ಳಿದರು. “ತಗೋ. ಇನ್ಮುಂದೆ ಪೂಜೆಗೆ ಮುಂಚೆ ಪ್ರತಿ ಪೈಪೂ ಸ್ಟೋರಲ್ಲಿ ಬೀಗದೊಳಗೆ ಇರ್ಬೇಕು. ತೇವದ ಮೀಟರ್ ಹಾಕದೆ ಟ್ಯಾಂಕರ್ ವಾಲ್ವ್ ತೆಗೆಯೋ ಹಾಗಿಲ್ಲ. ಬರ್ಕೊಳ್ಳಿ ರಘುನಾಥ್.”

ಭೀಮರಾಜ ಕಾರ್ಡನ್ನು ತೆಗೆದುಕೊಂಡು ಜೇಬಿಗಿಟ್ಟ. ಜೇಬನ್ನು ಒಮ್ಮೆ ಮುಟ್ಟಿ ನೋಡಿಕೊಂಡ.

“ಆದ್ರೂ,” ಎಂದರು ಅನಂತರಾಜು. ಕೈಗೆ ಒಂದು ಹೆಸರೂ ಸಿಗದೆ ವಿಚಾರಣೆ ಮುಗಿಯುವುದನ್ನು ಅವರಿಂದ ಸಹಿಸಲಾಗದು. “ಇಷ್ಟು ವರ್ಷ ಆ ಮುಚ್ಚಳದ ತಂಟೆಗೆ ನೀನು ಹೋದವನಲ್ಲ. ಈ ಸಲ ಅದನ್ನ ಬೆಳಗು ಅಂತ ನಿನ್ನ ತಲೆಗೆ ತುಂಬಿದ ಮಹಾನುಭಾವ ಯಾರು? ಹೆದರ್ಕೋಬೇಡ, ಹೇಳು. ರಘುನಾಥ್, ಹೆಸರು ಬರ್ಕೊಳ್ಳಿ.”

ರಘುನಾಥರು ಪೆನ್ನಿನ ಕ್ಯಾಪು ತೆಗೆದರು.

“ನೀವೇ ಸಾರ್,” ಎಂದ ಭೀಮರಾಜ. “ಗೆಸ್ಟ್ ಬರ್ತಾರೆ, ಅದು ಚಿನ್ನದ ಹಾಗೆ ಹೊಳೀಬೇಕು ಅಂದ್ರಿ. ಆದ್ರೆ ಬಿಚ್ಚಿ ಬೆಳಗು ಅಂತ ನೀವು ಹೇಳಿರ್ಲಿಲ್ಲ. ಬಿಚ್ಚಿದ್ದು ನಾನೇ.”